ಒದ್ದೆ ಫರಸಿಯ ಬಂಗಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಳೆಂಟು ವರ್ಷಗಳ ಕಾಲ ಸೇಡಂ ಸೀಮೆಯ ಜನಕ್ಕೆ ನಾನು ಕಾಮಾಲೆ ಹಿಡಿಸಿದ್ದೇನೆ. ಗಾಬರಿಯಾಗಬೇಡಿ, ನಾನು ವೈದ್ಯನಲ್ಲ, ಫೋಟೋ ತೆಗೆಯುವವನು. ಸೇಡಂನಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುಮಕ್ಕಳು, ಬೀಗರು, ತೊಟ್ಟಿಲ ಕೂಸುಗಳು, ನಿವೃತ್ತಿಯ ದಿನ ಶಾಲು ಹೊದ್ದ ಮಾಸ್ತರರು, ಹೀಗೆ ನನ್ನ ಮೊದಲ ಡಿಜಿಟಲ್ ಕ್ಯಾಮರಾದ ಮುಂದೆ ನಿಂತವರೆಲ್ಲ ಅರಿಶಿಣದ ನೀರಿನಲ್ಲಿ ಅದ್ದಿ ತೆಗೆದವರಂತೆ ಆಲ್ಬಮ್ ಸೇರಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ ಇದೆ. ನನ್ನ ಕಣ್ಣು ಸರಿಯಾಗಿಯೇ ಇದೆ, ಕಾಮಾಲೆ ಇರುವುದು ಕ್ಯಾಮರಾಕ್ಕೆ ಎಂದು ನಾನು ಇಪ್ಪತ್ತು ವರ್ಷ ಹೇಳಿಕೊಂಡು ಬಂದೆ. ಅದೂ ಸುಳ್ಳೆಂದು ಗೊತ್ತಾದದ್ದು ಈ ವರ್ಷ.

ಆ ಕ್ಯಾಮರಾ ತಂದ ದಿನ ಚೆನ್ನಾಗಿ ನೆನಪಿದೆ. ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿದ್ದೆ. ಬರುವಾಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಳ್ಳರ ಭಯಕ್ಕೆ ಒಂದಕ್ಕೂ ಏಳದೆ, ವಾಡಿಯ ತನಕ ಬಿಗಿಹಿಡಿದು ಕೂತಿದ್ದೆ. ಐದು ಮೆಗಾಪಿಕ್ಸೆಲ್! ಹಾಗೆಂದರೇನೆಂದು ನನಗೆ ಗೊತ್ತಿರಲಿಲ್ಲ. ಕೇಳಿದವರಿಗೂ ಗೊತ್ತಿರಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. ರೀಲು ಬೇಡ, ತೊಳೆಯುವುದು ಬೇಡ, ತೆಗೆದ ಕೂಡಲೇ ಬೆನ್ನಿನ ಮೇಲಿರುವ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಮುಖ ಕಾಣುತ್ತದೆ ಎಂದು ತಿಳಿದದ್ದೇ, ಮದುವೆ ಮನೆಯಲ್ಲಿ ಜನ ಮದುಮಗನನ್ನು ಬಿಟ್ಟು ನನ್ನ ಸುತ್ತ ನೆರೆಯತೊಡಗಿದರು. ಆಲ್ಬಮ್ ಕೈಗೆ ಬಂದ ಮೇಲೆ ಅದೇ ಜನ ಅಂಗಡಿಗೆ ಬಂದು ಜಗಳ ತೆಗೆಯುತ್ತಿದ್ದರು. ಚಿತ್ತಾಪುರದ ಹಿರಿಯರೊಬ್ಬರು ಮಗಳ ಮದುವೆಯ ಆಲ್ಬಮ್ಮನ್ನು ಮೇಜಿನ ಮೇಲೆ ಒಗೆದು, "ಏನ್ರಿ ಇದು, ನಮ್ಮ ಅಳಿಯಗ ಹಚ್ಚಿದ ಅರಿಶಿಣ ತೊಳೀಲಾರ್ದೇ ಅಕ್ಕಿಕಾಳು ಹಾಕೀವೇನ್?" ಎಂದು ಕೇಳಿದ್ದರು. "ಇದು ಡಿಜಿಟಲ್ ಕಲರ್ ರೀ, ಹೈದರಾಬಾದದಾಗ ಎಲ್ಲಾ ಹಿಂಗೇ ಅದ" ಎಂದೆ. ಹೈದರಾಬಾದಿನ ಹೆಸರು ಹೇಳಿದರೆ ನಮ್ಮ ಕಡೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಕಾಲ ತಿರುಗಿದ್ದು ನೋಡಿ. ಹೋದ ವರ್ಷ ಅದೇ ಹಿರಿಯರ ಮೊಮ್ಮಗಳು, ಕಾಲೇಜು ಹುಡುಗಿ, ಅದೇ ಆಲ್ಬಮ್ಮನ್ನು ಎದೆಗವಚಿಕೊಂಡು ಬಂದಳು. ಬಯ್ಯುವುದಕ್ಕೇ ಬಂದಿದ್ದಾಳೆ, ಈ ಮನೆತನದ ಸಿಟ್ಟು ಮೂರನೆಯ ತಲೆಮಾರಿಗೂ ಇಳಿದಿದೆ ಎಂದುಕೊಂಡೆ. ಅವಳು ಹೇಳಿದ್ದು, "ಅಂಕಲ್, ನನ್ನ ಬರ್ತ್‌ಡೇ ಫೋಟೋಕ್ಕ ಇದೇ ಕಲರ್ ಬೇಕ್ರಿ. ಭಾಳ ವಿಂಟೇಜ್ ಅದ." ವಿಂಟೇಜ್ ಅಂದರೇನವ್ವಾ ಎಂದೆ. ಹಳೆಯದಾದರೂ ಬೆಲೆ ಕಳೆದುಕೊಳ್ಳದೇ ಇರುವುದು ಎಂದಳು. ಹಾಗಾದರೆ ನಾನು ಏನು ಎಂದು ಕೇಳುವ ಆಸೆ ನಾಲಗೆಯ ತುದಿಗೆ ಬಂದಿತ್ತು. ಅವಳು ನನ್ನ ಬೋಳು ತಲೆಯನ್ನೊಮ್ಮೆ ನೋಡಿದಳು, ನಾನು ರಸೀದಿ ಪುಸ್ತಕ ತೆರೆದೆ.

ಅಂದಿನಿಂದ ಈ ರೋಗ ಎಲ್ಲ ಕಡೆ ಹಬ್ಬಿದೆ. ಸೇಡಂ, ಶಹಾಬಾದಿನ ಹುಡುಗ ಹುಡುಗಿಯರು ಅಪ್ಪಂದಿರ ಕಪಾಟಿನಿಂದ ಹಳೆಯ ಡಿಜಿಟಲ್ ಕ್ಯಾಮರಾ ಹೆಕ್ಕಿ ತೆಗೆದು ತಾಯತದ ಹಾಗೆ ಕೊರಳಿಗೆ ಕಟ್ಟಿಕೊಂಡು ತಿರುಗುತ್ತಾರೆ. ಕ್ಯಾಮರಾ ಸಿಗದವರು ನನ್ನ ಬಳಿ ಬರುತ್ತಾರೆ. ನನ್ನ ಈಗಿನ ಕ್ಯಾಮರಾ ಮಹಾ ಜಾಣ. ಬಾಸಿಂಗದ ಹಿಂದೆ ಅಡಗಿದ ಕಣ್ಣನ್ನೂ ಹುಡುಕಿ ಹಿಡಿಯುತ್ತದೆ, ಮಬ್ಬು ಬೆಳಕಿನಲ್ಲೂ ಸೆರಗಿನ ಎಳೆ ಎಣಿಸುತ್ತದೆ. ಇಂಥ ಜಾಣನಿಗೆ ಈಗ ದಡ್ಡನ ವೇಷ ಹಾಕಿಸುವುದೇ ನನ್ನ ಉದ್ಯೋಗ. ಮೊದಲು ಸ್ವಚ್ಛವಾಗಿ ತೆಗೆಯುವುದು, ಆಮೇಲೆ ಕಂಪ್ಯೂಟರಿನಲ್ಲಿ ಕೂತು ಚಿತ್ರದ ಮೇಲೆ ಮರಳಿನಂಥ ಚುಕ್ಕಿ ಉದುರಿಸುವುದು, ಆಕಾಶ ಕೆಡಿಸುವುದು, ಹಣೆಯ ಮೇಲೆ ಫ್ಲಾಶಿನ ಬಿಳಿ ಬೊಟ್ಟು ಹಚ್ಚುವುದು, ಮೂಲೆಯಲ್ಲಿ ಕೆಂಪು ಅಂಕಿಯ ತಾರೀಕು ಕೂರಿಸುವುದು. ಅಂದು ಯಾವ ತಪ್ಪುಗಳಿಗಾಗಿ ಗಿರಾಕಿಗಳ ಕೈಕಾಲು ಹಿಡಿದಿದ್ದೆನೋ ಅವನ್ನೆಲ್ಲ ಇಂದು ಅಳೆದು ಸುರಿದು ಬಡಿಸುತ್ತಿದ್ದೇನೆ. ಹೊಸ ಪ್ಯಾಂಟಿನ ಮೊಣಕಾಲು ಹರಿದು ಹಾಕಿಕೊಳ್ಳುವವರ ಕಾಲದಲ್ಲಿ ಇದೇನೂ ದೊಡ್ಡದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ರೇಣುಕಾ ಬಂದಾಗ ನಾನು ಅವಳನ್ನೂ ಈ ರೋಗಿಗಳ ಸಾಲಿಗೇ ಸೇರಿಸಿದ್ದು ಹೀಗೆ. ಇಲ್ಲೇ ಸೇಡಂ ಪಕ್ಕದ ಮುಧೋಳದ ಮಾಣಿಕಪ್ಪನವರ ಮಗಳು ಅವಳು. ಚಿತ್ತಾಪುರದಲ್ಲಿ ನರ್ಸ್ ಕೆಲಸ. ಚಿಂಚೋಳಿ ಕಡೆಯ ಐನಾಪುರದ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲು ಚಂದ್ರಂಪಳ್ಳಿಯ ಕೆರೆಯ ದಂಡೆಯಲ್ಲಿ ಇಬ್ಬರ ಫೋಟೋ ತೆಗೆಸಬೇಕೆಂದು ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ಹಳೆಯ ಟವೆಲಿನಲ್ಲಿ ಸುತ್ತಿದ ಕಟ್ಟು ಹಾಕಿದ ಫೋಟೋ ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಕಾಕಾ, ನಂದು ಫೋಟೋ ಬರೋಬ್ಬರಿ ಹಿಂಗ ಬರಬೇಕ್ರಿ. ಇದೇ ಬಣ್ಣ. ಜರಾ ಸೈತ ಫರಕ್ ಆಗಬಾರ್ದು."

ಮೂರು ವರ್ಷದ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತ ಹೆಂಗಸು. ಕೇಸರಿ ಸೀರೆ. ಬಂಗಾರದ ಮುಖ, ಬಂಗಾರದ ಕೈ. ಮೂಲೆಯಲ್ಲಿ ಕೆಂಪು ಅಂಕಿಗಳು. ನೋಡಿದ ಕೂಡಲೇ ನನ್ನದೇ ಕೈಕೆಲಸ ಎಂದು ಗೊತ್ತಾಯಿತು. ಮಾಣಿಕಪ್ಪನವರ ತಮ್ಮನ ಮದುವೆಯಲ್ಲಿ, ಅವರ ಮನೆಯ ಪಡಸಾಲೆಯಲ್ಲೇ ತೆಗೆದದ್ದು. ಆ ಹೆಂಗಸು ಮಾಣಿಕಪ್ಪನವರ ಹೆಂಡತಿ ಈರಮ್ಮ. ಸೊಂಟದ ಮೇಲಿನ ಕೂಸು ಈ ರೇಣುಕಾ. ಮರುವರ್ಷವೇ ಈರಮ್ಮ ಜ್ವರದಲ್ಲಿ ತೀರಿಕೊಂಡರು. ಮನೆಯಲ್ಲಿ ಅವರದೆಂದು ಉಳಿದ ಫೋಟೋ ಇದೊಂದೇ.

ಇಷ್ಟು ಗೊತ್ತಾದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಯವ್ವಾ, ನಿನಗೂ ವಿಂಟೇಜ್ ಹತ್ತ್ಯದೇನ್? ನರ್ಸ್ ಆದಾಕಿ, ನೀನೇ ಒಂದು ಸೂಜಿ ಹಾಕ್ಕೊ" ಎಂದು ನಗೆಯಾಡಿದೆ. ಅವಳು ನಕ್ಕಳು. ಮಾಣಿಕಪ್ಪನವರು ತಮ್ಮ ಚಪ್ಪಲಿಗಳನ್ನು ನೋಡುತ್ತ ಕೂತಿದ್ದರು. ಒಂದು ವಾರದಲ್ಲಿ ಮಾಡಿ ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ಮಾತು ಕೊಟ್ಟಷ್ಟು ಸಲೀಸಾಗಿ ಕೆಲಸವಾಗಲಿಲ್ಲ. ಇಂಥ ಬಣ್ಣಗಳಿಗೆಂದೇ ಈಗ ಫೋನಿನಲ್ಲಿ ಫಿಲ್ಟರ್ ಎನ್ನುವ ತಯಾರಿ ಮಸಾಲೆಗಳು ಸಿಗುತ್ತವೆ. ಅದರಲ್ಲಿ ನಾಲ್ಕೈದನ್ನು ಇಳಿಸಿಕೊಂಡು, ರೇಣುಕಾಳದೇ ಒಂದು ಫೋಟೋದ ಮೇಲೆ ಹಾಕಿ ಕಳಿಸಿದೆ. ಒಂದರಲ್ಲಿ ಅವಳು ಮಾವಿನಹಣ್ಣಾದಳು, ಒಂದರಲ್ಲಿ ಇಟ್ಟಂಗಿಯಾದಳು. ಮೂರನೆಯದು ನನಗೆ ಬಹಳ ಹಿಡಿಸಿತ್ತು. ಅದನ್ನು ನೋಡಿ ಅವಳು ಫೋನ್ ಮಾಡಿ, "ಕಾಕಾ, ಇದು ಹಳದಿ ಅದರಿ. ಅದು ಬಂಗಾರ" ಎಂದಳು. ಮೂವತ್ತು ವರ್ಷದ ಅನುಭವದ ಮೇಲೆ ಹುಡುಗಿಯೊಬ್ಬಳು ಒಂದೇ ವಾಕ್ಯದಲ್ಲಿ ನೀರು ಸುರಿದಳು. ಹಳೆಯ ಕ್ಯಾಮರಾವನ್ನೇ ಎಬ್ಬಿಸೋಣವೆಂದು ಡ್ರಾಯರ್ ತೆರೆದರೆ, ಅದು ಮೂತಿ ಹೊರಗೆ ಚಾಚಿದ ಸ್ಥಿತಿಯಲ್ಲೇ ಪ್ರಾಣ ಬಿಟ್ಟಿತ್ತು. ಅದರ ಬ್ಯಾಟರಿ ಉಬ್ಬಿ ಹಪ್ಪಳವಾಗಿತ್ತು. ನನ್ನದೇ ತಪ್ಪನ್ನು ಮತ್ತೊಮ್ಮೆ ಮಾಡಲು ನನಗೇ ಬರುತ್ತಿಲ್ಲವಲ್ಲ ಎಂದು ಅವಮಾನವಾಯಿತು.

ಕೊನೆಗೆ ಭೂತಗನ್ನಡಿ ಹಿಡಿದು ಈರಮ್ಮನ ಫೋಟೋವನ್ನು ಅಂಗುಲ ಅಂಗುಲವಾಗಿ ನೋಡುತ್ತ ಕೂತೆ. ಮುಖದಲ್ಲಿ ಏನೂ ಸಿಗಲಿಲ್ಲ, ಸೀರೆಯಲ್ಲಿ ಸಿಗಲಿಲ್ಲ. ಕಾಲಿನ ಹತ್ತಿರ ಬಂದಾಗ ನೆಲ ಕಂಡಿತು. ಒದ್ದೆಯ ಫರಸಿ. ನೀರು ಇನ್ನೂ ಮಿಂಚುತ್ತಿತ್ತು. ಭೂತಗನ್ನಡಿಯನ್ನು ಅಲ್ಲೇ ತಡೆದೆ.

ಇಲ್ಲಿ ಫರಸಿಯ ಬಗ್ಗೆ ಎರಡು ಮಾತು ಹೇಳಬೇಕು. ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ಅಲ್ಲಿ ಮಗು ನೆಲ ಮುಟ್ಟಿದರೆ ಮುಟ್ಟುವುದು ಮಣ್ಣನ್ನಲ್ಲ, ಹಾಸುಗಲ್ಲನ್ನು, ಅಂದರೆ ಫರಸಿಯನ್ನು. ನೆಲಕ್ಕೆ ಫರಸಿ, ಮಾಡಿಗೆ ಫರಸಿ, ಗೂಡಿನ ಹಲಗೆಗೆ ಫರಸಿ, ಒಲೆಯ ಕಟ್ಟೆಗೆ ಫರಸಿ, ಬಚ್ಚಲಿಗೆ ಫರಸಿ. ಸತ್ತ ಮೇಲೂ ಕೆಲವರ ತಲೆಯ ಮೇಲೆ ಅದೇ ಕಲ್ಲು. ಪರವೂರಿನವರು ಇದನ್ನು ಕೊಂಡು ಅಂಗಳಕ್ಕೆ ಹಾಕಿಸಿ ಮೆರೆಯುತ್ತಾರೆ, ನಾವು ಅದರ ಮೇಲೆ ಬಟ್ಟೆ ಒಗೆಯುತ್ತೇವೆ. ಅದರ ಬಣ್ಣ ಯಾವುದೆಂದು ಶಹಾಬಾದಿನವರನ್ನು ಕೇಳಿದರೆ, "ಕಲ್ಲಿನ ಬಣ್ಣ" ಎನ್ನುತ್ತಾರೆ. ಒಣಗಿದ್ದಾಗ ತಣ್ಣನೆಯ ಬೂದಿ. ಅದಕ್ಕಿಂತ ಸರಿಯಾದ ಬೂದಿ ಬಣ್ಣ ನಾನು ಬೇರೆಲ್ಲೂ ಕಂಡಿಲ್ಲ.

ಕ್ಯಾಮರಾಕ್ಕೂ ಈ ಕಲ್ಲಿಗೂ ಏನು ಸಂಬಂಧ ಎನ್ನುತ್ತೀರಿ. ಡಿಜಿಟಲ್ ಕ್ಯಾಮರಾಕ್ಕೆ ತಾನಾಗಿ ಬಣ್ಣ ತಿಳಿಯದು. ಬಿಳಿಯದನ್ನೋ ಬೂದಿಯದನ್ನೋ ತೋರಿಸಿ, ಇದರಲ್ಲಿ ಬಣ್ಣವಿಲ್ಲ, ಇದನ್ನು ಹಿಡಿದು ಉಳಿದದ್ದನ್ನು ಅಳೆ ಎಂದು ಗುಂಡಿ ಒತ್ತಿ ಹೇಳಿಕೊಡಬೇಕು. ಕ್ಯಾಮರಾದ ಜೊತೆ ಬಂದ ಪುಸ್ತಕದಲ್ಲಿ ಬಿಳಿ ಕಾಗದ ತೋರಿಸು ಎಂದಿತ್ತು. ಸಿಮೆಂಟಿನ ಧೂಳು ಹಾರುವ ನಮ್ಮ ಸೀಮೆಯಲ್ಲಿ ಬಿಳಿ ಕಾಗದ ಮಧ್ಯಾಹ್ನದ ತನಕವೂ ಬಿಳಿಯಾಗಿ ಉಳಿಯುವುದಿಲ್ಲ. ಆಗ ನನಗೆ ನನ್ನ ಊರು ನೆನಪಾಯಿತು. ಮನೆ ಮನೆಯಲ್ಲೂ ಫರಸಿ ಇರುವಾಗ ಕಾಗದ ಯಾಕೆ? ಪಡಸಾಲೆಗೆ ಹೋದ ಕೂಡಲೇ ಕ್ಯಾಮರಾವನ್ನು ನೆಲಕ್ಕೆ ಹಿಡಿದು ಗುಂಡಿ ಒತ್ತುವುದು. ಬೆಳಕಿನ ಅಳತೆಯನ್ನೂ ಅದರಿಂದಲೇ ತೆಗೆಯುವುದು. ನೆಲ ನೋಡಿ ನಮಸ್ಕರಿಸಿ ಕೆಲಸ ಶುರು ಮಾಡುವ ಭಯಭಕ್ತಿಯ ಮನುಷ್ಯ ಎಂದು ಹಿರಿಯರು ಮೆಚ್ಚಿಕೊಂಡದ್ದೂ ಉಂಟು.

ಮದುವೆಯೋ ತೊಟ್ಟಿಲೋ, ಕಾರ್ಯದ ಮನೆ ಎಂದ ಮೇಲೆ ಮುಂಜಾನೆಯಿಂದ ಕೊಡಗಟ್ಟಲೆ ನೀರು ಸುರಿದು ನೆಲ ತೊಳೆಯುತ್ತಾರೆ ಎನ್ನುವುದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒದ್ದೆಯಾದರೆ ಈ ಕಲ್ಲು ಬೂದಿಯಾಗಿ ಉಳಿಯುವುದಿಲ್ಲ, ನೀಲಿಗೆ ತಿರುಗಿ ಕಪ್ಪಿಡುತ್ತದೆ. ಪಾಪದ ಕ್ಯಾಮರಾ ಆ ನೀಲಿಯನ್ನೇ ಬೂದಿ ಎಂದು ನಂಬಿ, ಅದನ್ನು ಸರಿದೂಗಿಸಲು ಲೋಕಕ್ಕೆಲ್ಲ ಹಳದಿ ಬಳಿಯಿತು. ಆ ಕಪ್ಪನ್ನು ನೋಡಿ, ಬೆಳಕು ಕಡಿಮೆ ಇದೆಯೆಂದು ಎಲ್ಲರನ್ನೂ ಎರಡು ಪಟ್ಟು ಬೆಳಗಿಸಿತು. ಅದೇ ಬಂಗಾರ! ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನೂ ಒಂದು ಗಳಿಗೆ ಅವಳ ಪಕ್ಷ ಸೇರಿದೆ.

ಗುಟ್ಟು ಸಿಕ್ಕಿತು, ಕಲ್ಲು ಸಿಗಬೇಕಿತ್ತು. ನನ್ನ ಸ್ಟುಡಿಯೋಕ್ಕೆ ಟೈಲ್ಸ್, ಮನೆಗೂ ಟೈಲ್ಸ್. ಶಹಾಬಾದಿನಲ್ಲಿ ಹುಟ್ಟಿದ ನಾನೇ ಎಲ್ಲಿಂದಲೋ ಬಂದ ಹೊಳೆಯುವ ಟೈಲ್ಸಿನ ಮೇಲೆ ಜಾರುತ್ತ ಬದುಕುತ್ತಿದ್ದೇನೆ. ಕೊನೆಗೆ ಹಿತ್ತಲಲ್ಲಿ ಹೆಂಡತಿ ಬಟ್ಟೆ ಒಗೆಯುವ ಜಾಗದಲ್ಲಿ ಮೊಳದಗಲದ ತುಂಡೊಂದು ಸಿಕ್ಕಿತು. ನೀರು ಸುರಿದೆ, ಕ್ಯಾಮರಾ ಹಿಡಿದೆ, ಗುಂಡಿ ಒತ್ತಿದೆ. "ಮಂದಿ ಕಲ್ಲಿಗಿ ಹೂವು ಏರಸ್ತಾರ, ನೀವು ಫೋಟೋ ತೆಗೀಲಿಕತ್ತೀರಿ" ಎಂದು ಬೈಯುತ್ತ ನಿಂತಿದ್ದ ಅವಳ ಕಡೆಗೇ ತಿರುಗಿಸಿ ಒಂದು ಹೊಡೆದೆ. ಪರದೆಯ ಮೇಲೆ ನನ್ನ ಹೆಂಡತಿ ಅಪರಂಜಿಯಾಗಿ ಮೂಡಿದಳು. ಅವಳು ಅದನ್ನು ಬಹಳ ಹೊತ್ತು ನೋಡಿ, "ಇಷ್ಟು ದಿನಾ ಯಾಕ ಹಿಂಗ ತೆಗೀಲಿಲ್ಲ?" ಎಂದು ಕೇಳಿದಳು. ನಾನು ಕಲ್ಲನ್ನು ಬಗಲಿಗಿಟ್ಟುಕೊಂಡು ಸ್ಟುಡಿಯೋದ ದಾರಿ ಹಿಡಿದೆ.

ಭಾನುವಾರ ರೇಣುಕಾ ಒಬ್ಬಳೇ ಬಂದಳು. ಕೈಯಲ್ಲೊಂದು ಚೀಲ. ಒದ್ದೆ ಫರಸಿಯ ಶಾಸ್ತ್ರ ಮುಗಿಸಿ, ಅವಳದೊಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ತಾಯಿಯ ಫೋಟೋದ ಪಕ್ಕದಲ್ಲಿಟ್ಟು ತೋರಿಸಿದೆ. ಅದೇ ಬಂಗಾರ, ಕೂದಲೆಳೆಯಷ್ಟೂ ಫರಕಿಲ್ಲ. ಹೊಗಳಿಕೆಗಾಗಿ ಅವಳ ಮುಖ ನೋಡಿದರೆ, ಕಣ್ಣಲ್ಲಿ ನೀರು ತುಂಬಿತ್ತು.

"ಈಗ ನೋಡ್ರಿ ಕಾಕಾ, ನಾ ಅವ್ವನ ಮಗಳು ಅನಸ್ತೀನಿ."

"ಇಲ್ದಿದ್ರ ಯಾರ ಮಗಳವ್ವಾ ನೀನು?" ಎಂದೆ, ನಗಿಸಲೆಂದು.

ಅವಳು ಹೇಳಿದ್ದನ್ನು ಕೇಳಿದ ಮೇಲೆ ನನಗೇ ನಗು ಬರಲಿಲ್ಲ. ರೇಣುಕಾಳ ಬಣ್ಣ ಕಪ್ಪು. ತಾಯಿ ತೀರಿದ ಮೇಲೆ ತವರಿಗೆ ಬಂದು ನಿಂತ ಸೋದರತ್ತೆ ಕಾಶಮ್ಮ ಅವಳನ್ನು ಸಾಕಿದವಳು. ಸಾಕಿದ್ದು ಪ್ರೀತಿಯಿಂದಲೇ, ಆದರೆ ತಲೆ ಬಾಚುವಾಗ ದಿನವೂ ಒಂದು ಮಾತು: "ತಾಯಿ ಬಂಗಾರದ ಗೊಂಬಿ ಇದ್ದಂಗ ಇದ್ಲು, ಇದೆಲ್ಲಿಂದ ಬಂತೋ ಇದ್ದಲಿ." ಕಾಶಮ್ಮ ಬೇರೆ ಊರಿಗೆ ಕೊಟ್ಟ ಹೆಣ್ಣುಮಗಳು, ಈರಮ್ಮನನ್ನು ಕಂಡದ್ದು ಹಬ್ಬ ಹುಣ್ಣಿಮೆಯಲ್ಲಿ ಅಷ್ಟೇ. ಅವಳಿಗೆ ಸಾಕ್ಷಿ ಗೋಡೆಯ ಮೇಲಿನ ಫೋಟೋ. ಶಾಲೆಯ ಗೆಳತಿಯರೂ ಮನೆಗೆ ಬಂದರೆ ಫೋಟೋ ನೋಡಿ, "ಇವ್ರು ನಿಮ್ಮ ಸ್ವಂತ ಅವ್ವ ಹೌದೇನ?" ಎನ್ನುತ್ತಿದ್ದರಂತೆ.

"ನೋಡಲಿಕ್ಕ ಬಂದವ್ರು ಮೊದಲ ಗ್ವಾಡಿ ನೋಡ್ತಿದ್ರು ಕಾಕಾ, ಆಮ್ಯಾಲ ನನ್ನ ನೋಡ್ತಿದ್ರು. ಎರಡು ಮನಿಯವ್ರು ಚಹಾ ಕುಡದು ಹೊಳ್ಳಿ ಹೋದ್ರು. ಈ ಐನಾಪುರದಾವ ಗ್ವಾಡಿ ನೋಡ್ಲೇ ಇಲ್ಲ, ಅದಕ್ಕ ಒಪ್ಪೀನಿ. ಆದ್ರ ನನ್ನ ಮದುವಿ ಫೋಟೋ ಅವ್ವನ ಬಾಜೂಕ ಹಾಕಿದ್ರ, ನಾಳಿ ನನ್ನ ಮಕ್ಕಳೂ ಅದನ್ನೇ ಕೇಳಬಾರ್ದು ನೋಡ್ರಿ."

ಗೋಡೆ ಪಾಸು, ಹುಡುಗಿ ನಾಪಾಸು. ನಮ್ಮ ಜನದ ಕಣ್ಣನ್ನು ನಾನು ಮೂವತ್ತು ವರ್ಷ ಕ್ಯಾಮರಾದ ಹಿಂದಿನಿಂದ ನೋಡಿದ್ದೇನೆ. ಸೀರೆಯ ಬಣ್ಣಕ್ಕೆ ನಮ್ಮ ಹೆಂಗಸರ ಬಳಿ ಇರುವಷ್ಟು ಹೆಸರು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಬದನೆಕಾಯಿ, ಉಳ್ಳಾಗಡ್ಡಿ ಸಿಪ್ಪೆ, ಗಿಳಿ ಹಸಿರು, ನವಿಲು ಕುತ್ತಿಗೆ, ತೊಗರಿ ಹೂವು. ಒಂದು ಇನ್ನೊಂದಕ್ಕಿಂತ ಕೀಳೆಂದು ಯಾರೂ ಹೇಳುವುದಿಲ್ಲ. ಮೈಬಣ್ಣಕ್ಕೆ ಬಂದರೆ ಕೆಂಪು, ಸಾದಗಪ್ಪು, ಕಪ್ಪು ಎಂದು ಮೂರೇ ಹೆಸರು. ಮೂರೂ ಮೆಟ್ಟಿಲುಗಳೇ, ಹತ್ತುವುದು ಒಂದೇ ಕಡೆಗೆ. ಹೊಲ ನೋಡಲು ಹೋದಾಗ ಮಣ್ಣು ಕಪ್ಪಗಿದ್ದಷ್ಟೂ ಹಿಡಿಯಲ್ಲಿ ಹಿಡಿದು, ಆಹಾ ಎಂಥ ಭೂಮಿ ಎನ್ನುತ್ತಾರೆ. ಅದೇ ಜನ ಅದೇ ಗಾಡಿಯಲ್ಲಿ ಮುಂದಿನ ಊರಿಗೆ ಹೆಣ್ಣು ನೋಡಲು ಹೋಗಿ, ಹುಡುಗಿ ಕಪ್ಪು ಎಂದು ಎದ್ದು ಬರುತ್ತಾರೆ. ಇವರನ್ನು ಬೈಯುವ ಅಧಿಕಾರ ನನಗಿಲ್ಲ. "ಜರಾ ಕೆಂಪಗ ಮಾಡ್ರಿ" ಎಂದ ಪ್ರತಿಯೊಬ್ಬರಿಗೂ ನಾನು ಹಣ ತೆಗೆದುಕೊಂಡು ಕೆಂಪಗೆ ಮಾಡಿಕೊಟ್ಟಿದ್ದೇನೆ.

ಇಷ್ಟರಲ್ಲಿ ಅವಳು ಚೀಲದಿಂದ ಒಂದು ಸೀರೆ ತೆಗೆದಳು. ತಿಳಿ ಗುಲಾಬಿ, ಅಂಚಿನಲ್ಲಿ ಹಂಸದ ಸಾಲು. "ಅವ್ವನ ಟ್ರಂಕಿನಾಗ ಇತ್ರಿ. ಫೋಟೋದಾಗಿನ ಕೇಸರಿ ಸೀರಿ ಮನಿ ತುಂಬ ಹುಡಕೀನಿ, ಸಿಗಲಿಲ್ಲ. ಅಂಚು ಅದೇ ಅದ, ಬಣ್ಣ ಬ್ಯಾರೆ. ಅವ್ವ ಜೋಡಿ ಸೀರಿ ತಗೊಂಡಿರಬೇಕು ಅಂತಾಳ ಅತ್ತಿ. ನಾ ಇದನ್ನೇ ಉಟ್ಕೋತೀನಿ, ನೀವು ಫೋಟೋದಾಗ ಕೇಸರಿ ಮಾಡ್ರಿ."

ನಾನು ಸೀರೆ ನೋಡಿದೆ, ಫೋಟೋ ನೋಡಿದೆ. ಹಂಸದ ಸಾಲಿನಲ್ಲಿ ನೇಯ್ಗೆ ತಪ್ಪಿ ಒಂದು ಹಂಸದ ಕೊಕ್ಕು ಮುರಿದಿತ್ತು. ಫೋಟೋದಲ್ಲೂ ಮುರಿದಿತ್ತು. ಜೋಡಿ ಸೀರೆ ಇರಲೇ ಇಲ್ಲ. ನನ್ನ ಹಳದಿ ಬಿದ್ದು ಗುಲಾಬಿ ಕೇಸರಿಯಾಗಿತ್ತು. ಸೀರೆಯೇ ಹೀಗಾಗಿದ್ದರೆ ಅದನ್ನು ಉಟ್ಟವಳ ಗತಿ?

ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಸೀರೆ ಬಿಟ್ಟು ಹೋಗು, ಬುಧವಾರ ಅಪ್ಪನನ್ನು ಕರೆದುಕೊಂಡು ಬಾ ಎಂದು ಕಳಿಸಿದೆ. ಹೇಳಿದರೆ ನನ್ನ ಹೆಸರು ಹೋಗುತ್ತದೆ. ಇವತ್ತು ಒಂದು ಫೋಟೋ ಸುಳ್ಳೆಂದರೆ, ನಾಳೆ ಚಿತ್ತಾಪುರದಿಂದ ಚಿಂಚೋಳಿಯ ತನಕ ಎಲ್ಲ ಆಲ್ಬಮ್ಮುಗಳೂ ಎದ್ದು ಬರುತ್ತವೆ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ, ಹುಡುಗಿ ಬಂಗಾರವಾಗಿ ತಾಯಿಯ ಪಕ್ಕ ತೂಗುತ್ತಾಳೆ, ಸಂತೋಷಪಡುತ್ತಾಳೆ ಎಂದು ಮನಸ್ಸು ವಕೀಲಿ ಮಾಡಿತು. ನಾಲ್ಕು ವರ್ಷದ ಕೂಸಿನ ಕೈಯಿಂದ ತಾಯಿಯನ್ನು ಜ್ವರ ಒಮ್ಮೆ ಕಸಿಯಿತು. ನಾನು ಗೋಡೆಯ ಮೇಲೆ ಬೇರೆ ಯಾರನ್ನೋ ತೂಗುಹಾಕಿ ಇಪ್ಪತ್ತು ವರ್ಷ ಕಸಿದುಕೊಂಡಿದ್ದೆ. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಬುಧವಾರ ಅಪ್ಪ ಮಗಳು ಬಂದರು. "ಕುಂದ್ರಿ" ಎಂದೆ. ಸೀರೆಯನ್ನು ಕಂಪ್ಯೂಟರಿನ ಪಕ್ಕ ಹರವಿದೆ. ಒದ್ದೆ ನೆಲದ ಕಥೆಯನ್ನು ತಲೆ ತಗ್ಗಿಸಿ ಹೇಳಿದೆ. ಮುರಿದ ಕೊಕ್ಕಿನ ಹಂಸವನ್ನು ಇಬ್ಬರಿಗೂ ತೋರಿಸಿದೆ. ಆಮೇಲೆ ಈರಮ್ಮನ ಫೋಟೋವನ್ನು ತೆರೆದು, ಹಳದಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸತೊಡಗಿದೆ. ಹೆಚ್ಚಾಗಿದ್ದ ಬೆಳಕನ್ನೂ ಇಳಿಸಿದೆ. ನಾನು ಮುಖವನ್ನು ನೋಡಲೇ ಇಲ್ಲ. ಪರದೆಯ ಮೇಲಿನ ಸೀರೆ, ಮೇಜಿನ ಮೇಲಿನ ಸೀರೆ, ಎರಡನ್ನೇ ನೋಡುತ್ತಿದ್ದೆ. ಕೇಸರಿ ತೆಳುವಾಯಿತು, ಮಾಸಿತು, ಗುಲಾಬಿಗೆ ಬಂತು. ಎರಡೂ ಸೀರೆ ಒಂದಾದಾಗ ಕೈ ಬಿಟ್ಟೆ.

ಪರದೆಯ ಮೇಲೆ ರೇಣುಕಾಳೇ ನಿಂತಿದ್ದಳು, ಕೂಸನ್ನು ಎತ್ತಿಕೊಂಡು. ಅದೇ ಕಪ್ಪು, ಅದೇ ಹಣೆ, ಮೂಗಿನ ಪಕ್ಕದ ಅದೇ ಗೆರೆ. ಸೊಂಟದ ಮೇಲಿನ ಕೂಸೂ ಅದೇ ಬಣ್ಣ. ಕೈ ಎಲ್ಲಿ ಮುಗಿದು ಕೂಸು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಿತ್ತು. ರೇಣು ತನ್ನ ಮುಂಗೈಯನ್ನು ಪರದೆಯ ಹತ್ತಿರ ಒಯ್ದು, ತಾಯಿಯ ಮುಂಗೈಯ ಪಕ್ಕ ಹಿಡಿದಳು.

ಮಾಣಿಕಪ್ಪನವರೇ ಮೊದಲು ಬಾಯಿ ಬಿಟ್ಟರು. "ಇಕಾ, ಈಕಿ ನೋಡ್ರಿ ನನ್ನ ಈರಿ."

"ಅಪ್ಪಾ, ನಿನಗ ಗೊತ್ತಿತ್ತಾ? ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದು ರೇಣು ತಿರುಗಿದಳು.

"ಏನಂತ ಹೇಳ್ಲಿ ಯವ್ವಾ. ಮೊದಮೊದಲ ನೆನಪಿತ್ತು, ಆಕಿ ಕರ್ರಗೇ ಇದ್ಲು ಅಂತ. ದಿನಾ ಈ ಫೋಟೋಕ್ಕ ಊದಬತ್ತಿ ಹಚ್ಚಿ ಹಚ್ಚಿ, ನನ್ನ ನೆನಪೇ ತಪ್ಪೇನೋ ಅನಿಸ್ತು. ಅಷ್ಟು ದೊಡ್ಡ ಮಷೀನು, ಹೈದರಾಬಾದದ್ದು, ಅದು ಸುಳ್ಳು ಹೇಳ್ತದೇನ? ನಾ ಹೊಲದಾಗಿನ ಮನಷ್ಯಾ." ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು. "ಇಪ್ಪತ್ತು ವರ್ಷ ಯಾವಾಕಿಗೋ ಹಾರ ಹಾಕೀನಲ್ರಿ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ನಾನು ಅವರ ಕೈ ಹಿಡಿದು ತಪ್ಪಾಯಿತೆಂದೆ. ಹೊಸದಾಗಿ ತಯಾರಾದ ಫೋಟೋಕ್ಕೆ ಕಟ್ಟು ಹಾಕಿಸಿ ನಾನೇ ಮುಧೋಳಕ್ಕೆ ಒಯ್ದು ಗೋಡೆಗೆ ತೂಗುಹಾಕಿ ಬಂದೆ. ಕಾಶಮ್ಮ ಅದನ್ನು ಹತ್ತಿರದಿಂದ ನೋಡಿದಳು, ದೂರದಿಂದ ನೋಡಿದಳು, ಬಾಗಿಲ ಹೊರಗೆ ನಿಂತೂ ನೋಡಿದಳು. "ಏ ರೇಣೀ, ನಿನ್ನ ಫೋಟೋ ಯಾಕ ಹಾಕ್ಯಾರ?" ಎಂದಳು. ಇಡೀ ಮನೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಡಲಿಲ್ಲ. ವಿಷಯ ತಿಳಿದ ಕಾಶಮ್ಮ ಮರುದಿನ ಮುಂಜಾನೆ ರೇಣುಕಾಳನ್ನು ಕೂರಿಸಿಕೊಂಡು, ಒಂದೂ ಮಾತಿಲ್ಲದೆ ತಲೆ ಬಾಚಿದಳಂತೆ.

ಕಾಶಮ್ಮ ಬದಲಾದಳು ಎಂದು ನೀವು ನಂಬಿಬಿಟ್ಟೀರಿ. ಎರಡು ವಾರಕ್ಕೆ ಅವಳು ನನ್ನ ಅಂಗಡಿಗೆ ಬಂದಳು. ಅದೇ ಮದುವೆಯಲ್ಲಿ ತೆಗೆದ ಅವಳದೂ ಒಂದು ಫೋಟೋ ನನ್ನ ಬಳಿ ಇತ್ತು, ಅದರಲ್ಲಿ ಅವಳೂ ಬಂಗಾರ. "ನಂದು ಹಂಗೇ ಇರ್ಲಿ. ಅದಕ್ಕ ಕೈ ಹಚ್ಚೀಯಂದ್ರ ನೋಡು ಮತ್ತ" ಎಂದು ಬೆರಳು ತೋರಿಸಿ ಹೋದಳು. ನನ್ನ ಹೆಂಡತಿಯೂ ಹಿತ್ತಲಿನ ಬಂಗಾರದ ಫೋಟೋವನ್ನು ಫೋನಿಗೆ ಹಾಕಿಸಿಕೊಂಡು ತವರಿನವರಿಗೆಲ್ಲ ಕಳಿಸಿದ್ದಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ಜನ ಸುಣ್ಣದ ನೀರನ್ನೇ ಲೋಟಕ್ಕೆ ಸುರಿದುಕೊಂಡು ಕೂರುತ್ತಾರೆ. ನಾನು ಅಂಗಡಿ ಮುಚ್ಚಿಲ್ಲ, ಹಳದಿ ಕೇಳಿ ಬಂದವರಿಗೆ ಇಂದಿಗೂ ಹಳದಿ ಮಾಡಿಕೊಡುತ್ತೇನೆ. ಹೊಟ್ಟೆಪಾಡು.

ಚಂದ್ರಂಪಳ್ಳಿಗೆ ಮಾತ್ರ ಹಿತ್ತಲಿನ ಆ ಫರಸಿಯ ತುಂಡನ್ನು ಒಯ್ದಿದ್ದೆ. ನೀರಿನ ಬಾಟಲಿ ಒಯ್ದಿರಲಿಲ್ಲ. ರೇಣು ತಾಯಿಯ ಗುಲಾಬಿ ಸೀರೆ ಉಟ್ಟು ಬಂದಿದ್ದಳು. ಐನಾಪುರದ ಹುಡುಗ, ಗಟ್ಟಿಮುಟ್ಟಾದರೂ ನಾಚುವವನು, ಸಹಾಯ ಮಾಡುವ ಉತ್ಸಾಹದಲ್ಲಿ ನನ್ನ ಕೈಯಿಂದ ಕಲ್ಲು ಇಸಿದುಕೊಂಡು ಹೋಗಿ ದಂಡೆಯ ಅಂಚಿನಲ್ಲಿಟ್ಟ. ಸಣ್ಣ ಅಲೆಯೊಂದು ಬಂದು ಅದನ್ನು ತೋಯಿಸಿ ಹೋಯಿತು. ಬೂದಿಯ ಕಲ್ಲು ನಮ್ಮ ಕಣ್ಣೆದುರಿಗೇ ನೀಲಿಯಾಯಿತು. ನಾನು ಗಡಿಯಾರ ನೋಡಿದೆ. ಬಿಸಿಲು ಇಳಿಯುತ್ತಿತ್ತು, ಇವರದಾದ ಮೇಲೆ ಚಿಂಚೋಳಿಯಲ್ಲಿ ಇನ್ನೊಂದು ಕೆಲಸವಿತ್ತು.

"ನಡೀತದ ಬಿಡವ್ವಾ, ಅಂದಾಜಿನ ಮ್ಯಾಗ ತೆಗೀತೀನಿ" ಎಂದೆ.

ರೇಣು ಕೇಳಲಿಲ್ಲ. ಹೋಗಿ ಕಲ್ಲನ್ನು ಎತ್ತಿದಳು, ಅಂಗೈಯಿಂದ ನೀರು ಬಳಿದಳು, ಬಿಸಿಲು ಬಿದ್ದ ಬಂಡೆಯ ಮೇಲೆ ಅದನ್ನು ಒರಗಿಸಿಟ್ಟು ಪಕ್ಕದಲ್ಲೇ ಕೂತಳು.

"ಒಣಗ್ಲಿ ತಡೀರಿ ಕಾಕಾ. ಹತ್ತು ನಿಮಿಷ."

ನಾನೂ ಕ್ಯಾಮರಾ ಕೆಳಗಿಟ್ಟು ಕೂತೆ. ಕಲ್ಲಿನ ನೀಲಿ ಅಂಚಿನಿಂದ ಮೆಲ್ಲಗೆ ಹಿಂದೆ ಸರಿದು ಬೂದಿ ಮೂಡತೊಡಗಿತು. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಆ ಹತ್ತು ನಿಮಿಷವನ್ನು ನಾನು ಇಪ್ಪತ್ತು ವರ್ಷದ ಹಿಂದೆಯೇ, ಮುಧೋಳದ ಪಡಸಾಲೆಯಲ್ಲಿ ಕಾಯಬೇಕಿತ್ತು.